ಸೊಸೆಯ ನೀಲಿ ಕಾರು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅತ್ತೆ ಮಾಡುವ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಹತೋಟಿಯಲ್ಲಿದೆ, ನಾಲಿಗೆ ಎಂದಿನಂತೆ ಹತೋಟಿಯಲ್ಲಿಲ್ಲ. ಎಡಮಂಡಿ ಮಾತ್ರ ಮೆಟ್ಟಿಲು ಕಂಡರೆ ಸಾಕು, ಮುನಿಸಿಕೊಳ್ಳುತ್ತದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳುವುದಿಲ್ಲ. ಕೇಳಿದರೆ “ಹೂಂ” ಅನ್ನುತ್ತೀಯ, ಅದು ಸುಳ್ಳೆಂದು ಇಬ್ಬರಿಗೂ ಗೊತ್ತು.

ಉತ್ತರ ತಡವಾಯಿತು, ಕ್ಷಮಿಸು. “ಅತ್ತೆ, ಇಲ್ಲಿ ಕಾರು ನಿಲ್ಲಿಸೋಕೆ ಕೊನೆಗೂ ಜಾಗ ಸಿಕ್ತು. ಮಾರ್ಚ್ ಹದಿನಾರಕ್ಕೆ ಬಂದು ತಗೊಂಡು ಹೋಗ್ತೀನಿ” ಎಂದು ನೀನು ಮೆಸೇಜು ಕಳಿಸಿ ಮೂರು ವಾರವಾಯಿತು. ನಾನು ಹೆಬ್ಬೆಟ್ಟಿನ ಚಿತ್ರವೊಂದನ್ನು ಒತ್ತಿ ಸುಮ್ಮನಾದೆ. ಹತ್ತನೇ ತರಗತಿ ಪಾಸಾದವಳು ಈ ವಯಸ್ಸಿನಲ್ಲಿ ಹೆಬ್ಬೆಟ್ಟು ಒತ್ತುವ ಹಾಗಾಯಿತು ನೋಡು. ಆಮೇಲೆ ನೀನು ಎರಡು ಸಲ ಫೋನು ಮಾಡಿದೆ. ಫೋನಿನಲ್ಲೂ ನಿನ್ನದು ನಿನ್ನ ಕೆಲಸದ ಎಕ್ಸ್-ರೇ ಕೋಣೆಯ ಮಾತು: ನೇರ ನಿಲ್ಲಿ, ಉಸಿರು ಹಿಡೀರಿ, ಆಯ್ತು, ಬಿಡಿ. ಅಷ್ಟರಲ್ಲಿ ನಾನು ಹೇಳಬೇಕೆಂದುಕೊಂಡದ್ದೆಲ್ಲ ಹೇಳದೆಯೇ ಉಳಿದುಹೋಗುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ. ಬೆರಳ ಗೆಣ್ಣುಗಳು ಬಿಗಿದುಕೊಂಡಿವೆ, ಅಕ್ಷರ ಸೊಟ್ಟಗಾಗಿದ್ದರೆ ಹೇಗೋ ಹೊಂದಿಸಿಕೊಂಡು ಓದು. ಅವು ಯಾಕೆ ಬಿಗಿದವು ಅನ್ನುವುದನ್ನೇ ಹೇಳಲು ಹೊರಟಿದ್ದೇನೆ.

ಮೊದಲು ನನ್ನ ಭಯ ಹೇಳಿಬಿಡುತ್ತೇನೆ, ಮನಸ್ಸು ಹಗುರವಾಗಲಿ. ಕೋರ್ಟಿನವರು ನಿನ್ನನ್ನೂ ನನ್ನ ಮಗನನ್ನೂ ಬೇರೆ ಮಾಡಿ ಒಂದೂವರೆ ವರ್ಷವಾಯಿತು. ಆಮೇಲೂ ನೀನು ಎರಡು ತಿಂಗಳಿಗೊಮ್ಮೆ ಈ ಮನೆಗೆ ಬರುತ್ತೀಯ. ಬಂದಾಗಲೆಲ್ಲ “ಕಾರು ಸ್ಟಾರ್ಟ್ ಮಾಡಿ ಹೋಗೋಣ ಅಂತ ಬಂದೆ ಅತ್ತೆ” ಅನ್ನುತ್ತೀಯ. ಹತ್ತು ನಿಮಿಷ ಇಂಜಿನ್ನು ಓಡಿಸುತ್ತೀಯ, ಎರಡು ದಿನ ನನ್ನ ಜೊತೆ ಇರುತ್ತೀಯ. ಕಾರು ಹೋದ ಮೇಲೆ ಏನು ನೆಪ ಹೇಳಿಕೊಂಡು ಬರುತ್ತೀಯ? ಕೈಬಿಟ್ಟು ಹೋದವನ ತಾಯಿಯನ್ನು ನೋಡಲು ನೀನು ಯಾಕಾದರೂ ಬರಬೇಕು? ಕಾರು ನಿನ್ನದು, ನಿನ್ನ ದುಡಿಮೆಯದು, ತೆಗೆದುಕೊಂಡು ಹೋಗಬೇಕಾದ್ದೇ. ಇದೆಲ್ಲ ಬುದ್ಧಿಗೆ ಗೊತ್ತು. ಆದರೂ ಆ ಹೆಬ್ಬೆಟ್ಟು ಒತ್ತಿದ ದಿನ ನಾನು ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟೆ.

ಈಗ ಕಾರಿನ ವಿಷಯ. ಓದಿ ನನ್ನನ್ನು ಬೈಯಬೇಡ, ಆಗಲೇ ಬೇಕಾದಷ್ಟು ಬೈಸಿಕೊಂಡಿದ್ದೇನೆ.

ಬೇರೆ ಊರಿನ ಆಸ್ಪತ್ರೆಯ ಕೆಲಸಕ್ಕೆ ಹೊರಟಾಗ ನೀನು “ನಿಮ್ಮ ಕಾಲಬುಡದಲ್ಲೇ ಇರ್ಲಿ ಅತ್ತೆ, ಒಂದು ಕಣ್ಣಿಟ್ಟಿರಿ” ಅಂದಿದ್ದೆ. ನಾನು ಕಣ್ಣಿನ ಜೊತೆ ಎರಡು ಕೈಯನ್ನೂ ಇಟ್ಟೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ಉಜ್ಜಿದರೆ ಹೋಗದ ಕಲೆಯಿಲ್ಲ ಎಂದು ನಂಬಿದವಳು. ದಿನಾ ಬೆಳಿಗ್ಗೆ ಬಕೆಟ್ಟಿನಲ್ಲಿ ಬಟ್ಟೆ ಒಗೆಯುವ ಸೋಪಿನ ಪುಡಿ ಕಲಸಿ, ಹಳೆಯ ಟವೆಲ್ಲು ಅದ್ದಿ, ಕಾರನ್ನು ತಲೆಯಿಂದ ಕಾಲಿನವರೆಗೆ ಉಜ್ಜುತ್ತಿದ್ದೆ. ಹಕ್ಕಿಯ ಹಿಕ್ಕೆ ಒಣಗಿ ಕೂತಿದ್ದರೆ ಪಾತ್ರೆ ತಿಕ್ಕುವ ಹಸಿರು ನಾರು. ನನ್ನ ಆಪರೇಷನ್ನಿನ ದಿನಗಳನ್ನು ಬಿಟ್ಟರೆ ಒಂದೂವರೆ ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ, ಜ್ವರ ಬಂದಾಗಲೂ. “ಈ ಕಾರಿಗಿರೋ ಯೋಗ ನಮಗಿಲ್ಲ ಬಿಡಿ” ಎಂದು ಪಕ್ಕದ ಮನೆಯವರು ಹಾಸ್ಯ ಮಾಡುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದು ಸ್ವೀಕರಿಸಿ ಇನ್ನೂ ಎರಡು ಕೈ ಜಾಸ್ತಿ ಉಜ್ಜುತ್ತಿದ್ದೆ.

ನಿನ್ನ ಮೆಸೇಜು ಬಂದ ಎರಡನೇ ದಿನ, ಟೈರಿನ ಗಾಳಿ ನೋಡಿಕೊಡಿ ಎಂದು ಎದುರುಮನೆ ಪೇಂಟರನ್ನು ಕರೆದೆ. ನಿನಗೆ ಗೊತ್ತಲ್ಲ, ನಲವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದು, ಈಗ ಬಲಭುಜ ಮೇಲೆತ್ತಲಾಗದೆ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರಲ್ಲ, ಅವರು. ಅವರು ಹುಬ್ಬು ಗಂಟಿಕ್ಕದೆ ಮಾತಾಡಿದ್ದನ್ನು ಅವರ ಹೆಂಡತಿಯೂ ನೋಡಿಲ್ಲವಂತೆ. ಅವರು ಕಾರನ್ನು ನಮ್ಮ ಮನೆಯ ಕೆಳಗಿನ ಕತ್ತಲಿನಿಂದ ಹಿಂದಕ್ಕೆ ತೆಗೆದು ಬೀದಿಯ ಬಿಸಿಲಿನಲ್ಲಿ ನಿಲ್ಲಿಸಿದರು. ಇಳಿದು ಬಂದು ಬಾನೆಟ್ಟಿನ ಮುಂದೆ ನಿಂತು, ಬೆರಳ ತುದಿಯಿಂದ ಅದನ್ನು ಸವರಿ ನೋಡಿದರು.

“ಇದನ್ನ ತೊಳೆಯೋದು ನೀವೇ ತಾನೇ ಅಮ್ಮ?”

“ನಾನೇ! ದಿನಾ!” ಅಂದೆ, ಬಹುಮಾನ ತೆಗೆದುಕೊಳ್ಳಲು ಬಂದವಳ ಹಾಗೆ.

“ಬನ್ನಿ ಇಲ್ಲಿ. ಬಾನೆಟ್ ಮೇಲೆ ಸೂರ್ಯ ಎಲ್ಲಿ ಕಾಣ್ತಾನೆ, ಅಲ್ಲಿ ಬಗ್ಗಿ ನೋಡಿ.”

ಬಗ್ಗಿ ನೋಡಿದೆ. ಸೂರ್ಯನ ಸುತ್ತ ಒಂದು ದೊಡ್ಡ ಜೇಡರ ಬಲೆ. ಸಾವಿರಾರು ಸಣ್ಣ ಸಣ್ಣ ಗೀರುಗಳು, ಸುತ್ತು ಸುತ್ತಾಗಿ, ನನ್ನ ಕೈ ತಿರುಗಿದ ಹಾಗೇ ತಿರುಗಿದ್ದವು. ಶಾಯಿಯ ಹಾಗಿದ್ದ ನಿನ್ನ ನೀಲಿ ಬಣ್ಣ ಬೂದಿ ಬಳಿದಂತೆ ಮಂಕಾಗಿತ್ತು. ನೆರಳಿನಲ್ಲಿ ನಿಂತ ಕಾರು, ಬೆಳಗಿನ ಮಬ್ಬಿನಲ್ಲಿ ತೊಳೆಯುವ ನಾನು. ಇದು ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ.

“ಇಷ್ಟೂ ನೀವೇ ಮಾಡಿದ್ದು,” ಅಂದರು. “ಟವೆಲ್ಲಲ್ಲಿ ಧೂಳು, ಮರಳು ಸಿಕ್ಕೊಂಡಿರುತ್ತೆ. ನೀವು ಉಜ್ಜಿದಷ್ಟೂ ಅದು ಗೀರುತ್ತೆ. ಅಮ್ಮಾ, ಇದು ಬೆಡ್‌ಶೀಟಲ್ಲ!”

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನಿನ್ನ ವಸ್ತುವನ್ನು ಜೋಪಾನ ಮಾಡುತ್ತೇನೆಂದು ದಿನಾ ನಾನೇ ಹಾಳು ಮಾಡಿದ್ದೆ. ಮೆಷೀನು ಇಟ್ಟುಕೊಂಡವರ ಹತ್ತಿರ ಬಿಟ್ಟರೆ ಒಂದು ದಿನದಲ್ಲಿ ಸರಿಮಾಡಿ ಕೊಡುತ್ತಾರೆ ಎಂದು ಪೇಂಟರು ಹೇಳಿದರು. ಬೇಡ, ಹಾಳು ಮಾಡಿದ ಕೈಯೇ ಸರಿ ಮಾಡಲಿ, ನೀವು ಹೇಳಿಕೊಡಿ ಅಂದೆ.

“ಕೈಯಲ್ಲಿ ಮಾಡಿದ್ರೆ ಎಲ್ಲಾ ಹೋಗಲ್ಲ, ಮುಕ್ಕಾಲುಪಾಲು ಹೋಗ್ಬಹುದು. ಬೆನ್ನು ಮುರಿಯುತ್ತೆ ಅಷ್ಟೇ.”

“ಮುರಿಯೋದು ನನ್ನ ಬೆನ್ನು ತಾನೇ? ನೀವು ಕುರ್ಚಿಲಿ ಕೂತು ಬೈತಾ ಇರಿ, ಸಾಕು.”

ಆಗ ಅವರ ಹುಬ್ಬಿನ ಗಂಟು ಒಂದು ಎಳೆಯಷ್ಟು ಸಡಿಲವಾಯಿತು. ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಯ ಕೆಳಗೆ ಅವರ ಪ್ಲಾಸ್ಟಿಕ್ ಕುರ್ಚಿ ಬಂದು ಕೂತಿತ್ತು.

ಅವರು ಹೇಳಿಕೊಟ್ಟದ್ದನ್ನು ನಿನಗೂ ಹೇಳುತ್ತೇನೆ, ಇನ್ನು ಮುಂದೆ ಈ ಕಾರು ತೊಳೆಯುವವಳು ನೀನಲ್ಲವೇ. ಸೋಪಿನ ಪುಡಿ ನಿಷಿದ್ಧ. ಕಾರಿನ ಶಾಂಪೂ ಬೇರೆಯೇ ಇದೆ. ಬಕೆಟ್ಟು ಎರಡು ಬೇಕು: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಾಡಿಸಿ ಧೂಳು ಬಿಡಿಸಿ, ಆಮೇಲೆ ಶಾಂಪೂಗೆ ಅದ್ದಬೇಕು. ತೊಳೆದು ಒಣಗಿಸಿದ ಮೇಲೆ ಪೇಂಟರು ನನ್ನ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರು ತೊಡಿಸಿ “ಈಗ ಸವರಿ” ಅಂದರು. ಬರಿಗೈಗೆ ನುಣ್ಣಗೆ ಇದ್ದದ್ದು ಕವರಿನೊಳಗಿನ ಬೆರಳಿಗೆ ರವೆ ಚೆಲ್ಲಿದ ಹಾಗೆ ತರಿತರಿಯಾಗಿ ಸಿಕ್ಕಿತು. ಬಣ್ಣಕ್ಕೆ ಅಂಟಿಕೊಂಡ ಕೊಳೆಯಂತೆ ಅದು. ಅದನ್ನು ತೆಗೆಯಲು ಜೇಡಿಮಣ್ಣಿನ ಹಾಗಿರುವ ಒಂದು ಮೆತ್ತನೆ ಮುದ್ದೆ ಬರುತ್ತದೆ. ನೀರು ಚಿಮುಕಿಸುತ್ತಾ ಆ ಮುದ್ದೆಯನ್ನು ಮೆಲ್ಲಗೆ ಆಡಿಸಿದರೆ ಕೊಳೆಯೆಲ್ಲ ಅದಕ್ಕೆ ಹತ್ತಿಕೊಂಡು ಬರುತ್ತದೆ. ಅದಕ್ಕೇ ಎರಡು ದಿನ ಹಿಡಿಯಿತು.

ಆಮೇಲೆ ಗೀರು ತೆಗೆಯುವ ಪೇಸ್ಟು. ನಾನು ಚಟ್ನಿ ಬಳಿಯುವಷ್ಟು ತೆಗೆದುಕೊಂಡೆ. “ಅಷ್ಟರಲ್ಲಿ ನಾಲ್ಕು ಕಾರು ಮಾಡ್ಬಹುದು, ವಾಪಸ್ ಹಾಕಿ” ಎಂದು ಗದರಿಸಿದರು. ಬಟಾಣಿ ಕಾಳಿನಷ್ಟು ನಾಲ್ಕು ಬೊಟ್ಟು, ಸ್ಪಂಜಿನ ಬಿಲ್ಲೆಯ ಮೇಲೆ. ಒಂದು ಸಲಕ್ಕೆ ಎರಡು ಗೇಣು ಉದ್ದ, ಎರಡು ಗೇಣು ಅಗಲ, ಅಷ್ಟೇ ಜಾಗ. ದುಂಡಗೆ ಉಜ್ಜುವ ಹಾಗಿಲ್ಲ. ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ, ಮೊದಲು ಒತ್ತಿ, ಬರುಬರುತ್ತಾ ಹಗುರವಾಗಿ. ಒರೆಸಿ, ಟಾರ್ಚು ಬಿಟ್ಟು ನೋಡು. ಗೀರು ಉಳಿದಿದ್ದರೆ ಇನ್ನೊಂದು ಸಲ. ನನ್ನ ಕೈ ಮಾತ್ರ ಕಣ್ಣು ತಪ್ಪಿದರೆ ಸಾಕು, ದುಂಡಗೆ ಹೊರಳುತ್ತಿತ್ತು. ಮೂವತ್ತೊಂದು ವರ್ಷದ ಅಭ್ಯಾಸ ಒಂದು ಬೆಳಗಿನಲ್ಲಿ ಹೋಗುತ್ತದೆಯೇ?

ಎರಡನೇ ದಿನ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ನಾನು ಎತ್ತಿ, ಪಟಪಟ ಕೊಡವಿ, ಮತ್ತೆ ಒರೆಸಲು ಹೋದೆ. ಪೇಂಟರು ಕುರ್ಚಿಯಿಂದ ಎದ್ದೇ ಬಿಟ್ಟರು. “ನೆಲಕ್ಕೆ ಬಿದ್ದ ಬಟ್ಟೆ ಕಾರಿಗೆ ಸತ್ತ ಹಾಗೆ! ಟೈರಿಗೆ ಹಾಕಿ ಅದನ್ನ!” ಎದುರು ಕಿಟಕಿಯಿಂದ ಅವರ ಹೆಂಡತಿ, “ಮದುವೆಯಾಗಿ ನಲವತ್ನಾಲ್ಕು ವರ್ಷದಲ್ಲಿ ನನ್ನ ಹತ್ರ ಇಷ್ಟು ಮಾತಾಡಿಲ್ಲ, ಕಾರಾಗಿ ಹುಟ್ಟಬೇಕಿತ್ತು ನಾನು” ಅಂದರು. ಆ ಪುಣ್ಯಾತ್ಗಿತ್ತಿ ನನ್ನ ಮಂಡಿಗೆಂದು ತಮ್ಮ ಸೋಫಾದ ದಿಂಬನ್ನೇ ಕೊಟ್ಟರು. ದಿನಕ್ಕೆರಡು ಸಲ ಟೀ ಅವರ ಮನೆಯಿಂದಲೇ. ನನ್ನಿಂದ ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದುಕೊಳ್ಳಲೂ ಒಪ್ಪಲಿಲ್ಲ. ಎಲ್ಲರೂ ನನ್ನ ಮೇಲೆ ಇಷ್ಟು ಪ್ರೀತಿ ಯಾಕೆ ಸುರಿಯುತ್ತಾರೋ ನನಗೆ ತಿಳಿಯುವುದಿಲ್ಲ.

ಒಂದು ತಪ್ಪು ಮಾತ್ರ ನಾನು ಮಾಡಿಟ್ಟಿದ್ದೇನೆ, ಬಂದಾಗ ನಿನಗೆ ಕಂಡೇ ಕಾಣುತ್ತದೆ. ಬಾನೆಟ್ಟಿನ ಎಡ ಅಂಚು. ಅಂಗಿಯಲ್ಲಿ ಕೊಳೆ ಕೂರುವುದು ಕಾಲರಿನ ಅಂಚಿಗಲ್ಲವೇ? ಅಂಚಿಗೆ ಎರಡು ಉಜ್ಜು ಜಾಸ್ತಿ ಬೇಕು ಅನ್ನುವುದು ಲಾಂಡ್ರಿಯ ಮೊದಲ ಪಾಠ. ಪೇಂಟರು ಒಳಗೆ ಹೋಗಿದ್ದಾಗ ನಾನು ಬುದ್ಧಿವಂತಿಕೆಯಿಂದ ಅಂಚನ್ನು ಚೆನ್ನಾಗಿ ಉಜ್ಜಿದೆ. ಸ್ಪಂಜು ನೀಲಿಯಾಯಿತು, ಬಾನೆಟ್ಟು ಬೆಳ್ಳಗಾಯಿತು. ಅವರು ಬಂದು ನೋಡಿ ತಲೆಯ ಮೇಲೆ ಕೈಹೊತ್ತರು. ಕಾರಿನಲ್ಲಿ ಬಣ್ಣ ಅತಿ ತೆಳುವಾಗಿರುವುದೇ ಅಂಚಿನಲ್ಲಂತೆ. ಅದಕ್ಕೇ ಅಲ್ಲಿಗೆ ಕಾಗದದ ಟೇಪು ಅಂಟಿಸಿ ಎಂದು ಮೊದಲೇ ಹೇಳಿದ್ದರು, ನಾನು ಟೇಪು ಕಿತ್ತಿದ್ದೆ. ಹೆಬ್ಬೆರಳ ಉಗುರಿನಷ್ಟು ಜಾಗ. ಅದಕ್ಕೆ ಸಣ್ಣ ಕುಂಚದಲ್ಲಿ ಬಣ್ಣ ತುಂಬಿ ಕೊಟ್ಟಿದ್ದಾರೆ. ಹತ್ತಿರದಿಂದ ನೋಡಿದರೆ ತೇಪೆ ಕಾಣುತ್ತದೆ. ನೀನು ಹತ್ತಿರದಿಂದ ನೋಡುವವಳೇ.

ಕೈ ನೋಯುತ್ತಿದೆ, ನಾಳೆ ನಾಡಿದ್ದರಲ್ಲಿ ಮುಂದುವರಿಸುತ್ತೇನೆ.

ಮಾರ್ಚ್ ೧೧, ಮಂಗಳವಾರ

ಇವತ್ತು ಕೆಲಸ ಮುಗಿಯಿತು ಗುಬ್ಬಿ. ಬೆಳಿಗ್ಗೆ ನೆರಳಿನಲ್ಲಿ ಮೇಣ ಹಚ್ಚಿದೆ. ತುಂಬ ತೆಳುವಾಗಿ, ಗಾಜಿನ ಮೇಲೆ ಉಸಿರು ಬಿಟ್ಟಷ್ಟು. ಮಂಜಿನ ಹಾಗೆ ಮಬ್ಬಾಗುವವರೆಗೆ ಕಾದು, ಬೆರಳಿನಲ್ಲಿ ಒಂದು ಗೆರೆ ಎಳೆದು ನೋಡಬೇಕು. ಗೆರೆ ಸ್ವಚ್ಛವಾಗಿ ಬಿಟ್ಟರೆ ಒರೆಸಬಹುದು. ಒರೆಸುತ್ತಾ ಹೋದ ಹಾಗೆ ಬಾಗಿಲಿನಲ್ಲಿ ಬೀದಿ ಕಾಣಿಸಿತು, ಎದುರುಮನೆ ಕಿಟಕಿ ಕಾಣಿಸಿತು, ತಲೆಗೆ ಟವೆಲ್ಲು ಸುತ್ತಿಕೊಂಡ ಒಂದು ಮುದುಕಿ ಕಾಣಿಸಿದಳು. ಇವಳ್ಯಾರಪ್ಪ ಎಂದು ಒಂದು ಕ್ಷಣ ಗಾಬರಿಯಾಯಿತು.

ಆದರೆ ನಾನು ಹೇಳಬೇಕಾದ್ದು ಕೆಲಸದ ಮೊದಲ ವಾರದ ಮಾತು. ಬಾನೆಟ್ಟಿನ ನಡುವೆ ಟೇಪು ಅಂಟಿಸಿ, ಅರ್ಧ ಮಾತ್ರ ಸರಿಮಾಡಿ, ಬಿಸಿಲಿಗೆ ತಂದು ನೋಡಿದೆವು. ಒಂದು ಕಡೆ ನನ್ನ ಜೇಡರ ಬಲೆ. ಇನ್ನೊಂದು ಕಡೆ ನೀನು ಮೊದಲ ದಿನ ಮನೆಗೆ ತಂದು ನಿಲ್ಲಿಸಿದ್ದೆಯಲ್ಲ, ಆ ನೀಲಿ. ನೋಡುತ್ತಾ ನೋಡುತ್ತಾ ನನಗೆ ಅಳು ತಡೆಯಲಾಗಲಿಲ್ಲ. ನಡುಬೀದಿಯಲ್ಲಿ, ಕೈಯಲ್ಲಿ ಸ್ಪಂಜು ಹಿಡಿದುಕೊಂಡು ಅತ್ತುಬಿಟ್ಟೆ. ಪೇಂಟರು ಏನು ಮಾಡಬೇಕೆಂದು ತೋಚದೆ ಕುರ್ಚಿಯನ್ನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಇಟ್ಟರು. ಕೊನೆಗೆ ಅಂದರು:

“ನಿಮ್ಮ ಸೊಸೆಗೆ ಇದು ಗೊತ್ತು ಕಣಮ್ಮ. ಹೋದ ಸಲ ಬಂದಾಗ ನನ್ನ ಹತ್ರ ಬಂದಿದ್ಳು. ಬಣ್ಣ ಯಾಕೆ ಹೀಗಾಗಿದೆ ಅಂಕಲ್ ಅಂತ ಕೇಳಿದ್ಳು. ಹೇಳ್ದೆ. ಅತ್ತೆಗೆ ಹೇಳ್ಬೇಡಿ, ಅಷ್ಟು ಪ್ರೀತಿಯಿಂದ ತೊಳೀತಾರೆ, ಬಣ್ಣ ಹೋದ್ರೆ ಹೋಗ್ಲಿ ಅಂದ್ಳು. ನಾನು ಬಾಯಿ ಮುಚ್ಕೊಂಡೇ ಇದ್ದೆ. ಅವತ್ತು ಬಿಸಿಲಲ್ಲಿ ನೋಡಿದ್ಮೇಲೆ ಸುಮ್ನಿರೋಕೆ ಆಗ್ಲಿಲ್ಲ. ನಲವತ್ತು ವರ್ಷದ ಕಸುಬು, ಏನ್ ಮಾಡ್ಲಿ?”

ಆ ಸಲ ನೀನು ಬೆಳಿಗ್ಗೆ ನನ್ನ ಪಕ್ಕದಲ್ಲೇ ನಿಂತು ನಾನು ತೊಳೆಯುವುದನ್ನು ನೋಡಿದ್ದೆ. “ಸುಸ್ತಾಗಲ್ವಾ ಅತ್ತೆ?” ಎಂದು ಕೇಳಿದ್ದೆ, ಅಷ್ಟೇ. ನಿನ್ನ ಸಂಬಳದ, ನಿನ್ನ ಆಸೆಯ ಕಾರು ಕಣ್ಣೆದುರೇ ಹಾಳಾಗುತ್ತಿತ್ತು. ನನ್ನ ಮನಸ್ಸು ನೋಯಬಾರದೆಂದು ನೀನು ತುಟಿ ಬಿಚ್ಚಲಿಲ್ಲ.

ನಿನ್ನನ್ನು ಈ ಮನೆಗೆ ತಂದವಳು ನಾನು. ನನ್ನ ಮಗನಿಗೆ ಹೆಣ್ಣು ಹುಡುಕುವಾಗ ನಾನು ಬೇರೆಲ್ಲೂ ಹೋಗಲಿಲ್ಲ. ಲಾಂಡ್ರಿಗೆ ಬರುವ ಕೋಟುಗಳಲ್ಲಿ ಪೆನ್ನು, ಚೀಟಿ, ಅರ್ಧ ತಿಂದ ಚಾಕಲೇಟು, ಎಲ್ಲವೂ ಇರುತ್ತಿದ್ದವು. ದೊಡ್ಡ ದೊಡ್ಡ ಡಾಕ್ಟರುಗಳ ಪೆನ್ನು ಒಡೆದು ನಮ್ಮ ಒಂದೊಂದು ಪಾಳಿಯ ಬಟ್ಟೆಯೇ ನೀಲಿಯಾಗುತ್ತಿತ್ತು. ಜೇಬು ಖಾಲಿ ಮಾಡಿ, ಮಡಿಸಿ, “ತಗೊಳ್ಳಿ ಅಮ್ಮ” ಎಂದು ಕೈಗೆ ಕೊಡುತ್ತಿದ್ದವಳು ಇಡೀ ಆಸ್ಪತ್ರೆಯಲ್ಲಿ ಎಕ್ಸ್-ರೇ ಕೋಣೆಯ ಹುಡುಗಿ ನೀನೊಬ್ಬಳೇ. ಒಗೆಯುವವರ ಕಷ್ಟ ತಿಳಿದವಳು ನನ್ನ ಮಗನನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅಂದುಕೊಂಡೆ. ನೀನು ನೋಡಿಕೊಂಡೆ. ಅವನಿಗೆ ಉಳಿಸಿಕೊಳ್ಳುವ ಯೋಗ್ಯತೆ ಇರಲಿಲ್ಲ. ಆ ಮಹಾರಾಯ ಇನ್ನೊಬ್ಬಳ ಕೈಹಿಡಿದು ಹೊರಟಾಗ, ಅವನ ಹಿಂದೆ ನೀನೂ ಹೊರಟುಹೋಗುತ್ತೀಯ ಎಂದು ಕಾಯುತ್ತಾ ಕೂತಿದ್ದೆ. ನೀನು ಸಂಜೆ ಬಂದು “ಬಿ.ಪಿ. ಮಾತ್ರೆ ಮುಗಿದಿದೆಯಲ್ಲ ಅತ್ತೆ” ಎಂದು ಚೀಟಿ ತೆಗೆದುಕೊಂಡು ಅಂಗಡಿಗೆ ಹೋದೆ.

ಕೋರ್ಟಿನ ತೀರ್ಪು ಬಂದ ಹನ್ನೊಂದನೇ ದಿನ ನನ್ನ ಪಿತ್ತಕೋಶದ ಆಪರೇಷನ್ನು. ನೀನು ಹೊಸ ಊರಿನ ಹೊಸ ಕೆಲಸಕ್ಕೆ ರಜೆ ಹಾಕಿ ಬಂದೆ. ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿ ಇದೇ ಕಾರನ್ನು ತೇರಿನಷ್ಟು ನಿಧಾನವಾಗಿ ಓಡಿಸಿದೆ, ಹಿಂದಿನವರೆಲ್ಲ ಹಾರ್ನು ಹೊಡೆದು ಹೊಡೆದು ಸುಸ್ತಾದರು. ಫಾರಂ ತುಂಬುತ್ತಿದ್ದ ನರ್ಸು “ಪೇಷೆಂಟಿಗೆ ನೀವೇನಾಗ್ಬೇಕು?” ಎಂದು ಕೇಳಿದಳು. ನಾನು ಸ್ಟ್ರೆಚರಿನ ಮೇಲೆ ಕಣ್ಣು ಮುಚ್ಚಿಕೊಂಡಿದ್ದೆ, ಕಿವಿ ಮುಚ್ಚಿರಲಿಲ್ಲ. ನೀನು ಒಂದು ಚೂರೂ ತಡವರಿಸದೆ “ಸೊಸೆ” ಅಂದೆ. “ಮಗ ಬರಲಿಲ್ವಾ?” ಅಂದಳು. “ನಾನು ಬಂದಿದೀನಲ್ಲ” ಅಂದೆ. ಆ ಎರಡು ಮಾತಿಗೆ ನಾನು ಇವತ್ತಿನವರೆಗೆ ನಿನಗೆ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ. ಈಗ ಹೇಳುತ್ತಿದ್ದೇನೆ. ಹೆತ್ತ ಮಗನಿಂದ ಸಿಗದ್ದು ನನಗೆ ನಿನ್ನಿಂದ ಸಿಕ್ಕಿತು. ನನ್ನ ಆಯಸ್ಸಿನ ಅತಿ ದೊಡ್ಡ ಸಂಪಾದನೆ ನೀನು.

ಇನ್ನೊಂದು ಬೆಳಗಿನ ಮಾತು ಬರೆದು ಮುಗಿಸುತ್ತೇನೆ. ಎಂಟನೇ ದಿನ ಇರಬೇಕು. ಬಾನೆಟ್ಟು, ಛಾವಣಿ, ಬಲಗಡೆಯ ಬಾಗಿಲುಗಳು ಆಗಿದ್ದವು. ಎಡಗಡೆ ಪೂರ್ತಿ ಬಾಕಿ. ನನ್ನ ತೋಳು ಸೋತುಹೋಗಿತ್ತು. “ಆ ಕಡೆ ಗೋಡೆ ಪಕ್ಕ ತಾನೇ ನಿಲ್ಲೋದು? ಸುಮ್ನೆ ಮೇಣ ಹಚ್ಚಿಬಿಟ್ರೆ ಹೊಳೆಯುತ್ತಲ್ಲ, ಯಾರು ನೋಡ್ತಾರೆ?” ಅಂದೆ. ಪೇಂಟರು ಈ ಸಲ ಗದರಿಸಲಿಲ್ಲ.

“ಹೊಳೆಯುತ್ತೆ. ಮೇಣದಿಂದ ಗೀರು ಹೋಗಲ್ಲಮ್ಮ, ಮುಚ್ಕೊಳ್ಳುತ್ತೆ ಅಷ್ಟೇ. ನಾಲ್ಕು ಸಲ ತೊಳೆದ್ರೆ ಎಲ್ಲಾ ಎದ್ದು ಬರುತ್ತೆ. ಕಾರು ಅವಳ ಕೈಗೆ ಹೋದ್ಮೇಲೆ ಅವಳಿಗೆ ಕಾಣ್ಬೇಕಾ, ಈಗಲೇ ನೀವು ತೋರಿಸ್ತೀರಾ, ನೀವೇ ಹೇಳಿ.”

ಅವತ್ತು ನಾನು ಸ್ಪಂಜು ಅಲ್ಲೇ ಬಿಟ್ಟು ಮೇಲೆ ಬಂದುಬಿಟ್ಟೆ. ಟೀಗೂ ಇಳಿಯಲಿಲ್ಲ. ತೋಳು ನೋವೆಂದು ಎಲ್ಲರೂ ತಿಳಿದುಕೊಂಡರು. ಮಾರನೆಯ ದಿನ ಬೇಗ ಎದ್ದು ಎಡಗಡೆ ಶುರುಮಾಡಿದೆ. ಎರಡು ಗೇಣು, ಎರಡು ಗೇಣು, ಅಡ್ಡಡ್ಡ, ಉದ್ದುದ್ದ. ಗೋಡೆಯ ಪಕ್ಕದ ಬಾಗಿಲನ್ನು ಬೇರೆಲ್ಲದಕ್ಕಿಂತ ಚೆನ್ನಾಗಿ ಮಾಡಿದ್ದೇನೆ, ನೋಡು.

ಪೇಂಟರು ಇವತ್ತು ಬೆಳಿಗ್ಗೆ ಕಾರಿನ ಸುತ್ತ ಮೂರು ಸುತ್ತು ಹಾಕಿ, “ಪರವಾಗಿಲ್ಲ” ಅಂದರು. ಅವರ ಹೆಂಡತಿ ಓಡಿಬಂದು, “ಅಯ್ಯೋ, ಇವರು ಪರವಾಗಿಲ್ಲ ಅಂದಿದ್ದನ್ನ ನಾನು ಕೇಳೇ ಇಲ್ಲ! ನಮ್ಮ ಮದುವೆ ಫೋಟೋ ನೋಡಿ ಕೂಡ ಅಂದಿಲ್ಲ!” ಅಂದರು. ನಾನು ನಕ್ಕೂ ನಕ್ಕೂ ಆ ದಿಂಬಿನ ಮೇಲೆ ಕೂತುಬಿಟ್ಟೆ. ಅವರಿಬ್ಬರಿಗೂ ನೀನು ಬಂದಾಗ ಒಂದು ಒಳ್ಳೆಯ ಮಾತು ಹೇಳು. ನಾನು ಹೇಳಿದರೆ “ಸಾಕು ಬಿಡಿ” ಎಂದು ಓಡಿಸುತ್ತಾರೆ.

ಎಲ್ಲಿದ್ದರೂ ನೆಮ್ಮದಿಯಾಗಿರು ಗುಬ್ಬಿ. ನಿನ್ನನ್ನು ನಿನ್ನಷ್ಟೇ ಚೆನ್ನಾಗಿ ನೋಡಿಕೊಳ್ಳುವವರು ಯಾರಾದರೂ ಸಿಕ್ಕರೆ ಹಿಂದೆಮುಂದೆ ನೋಡದೆ ಕೈಹಿಡಿ, ಈ ಅತ್ತೆ ಏನಂದುಕೊಳ್ಳುತ್ತಾಳೋ ಎಂದು ಯೋಚಿಸಬೇಡ. ಗಾಡಿ ನಿಧಾನವಾಗಿ ಓಡಿಸು. ನೂರು ವರ್ಷ ಸುಖವಾಗಿ ಬಾಳು.

ಕೋರ್ಟಿನವರು ಏನೇ ಬರೆದಿರಲಿ,
ನಿನ್ನ ಅತ್ತೆ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದು ತೆಗೆದೆ. ಈ ನಾಲ್ಕು ಸಾಲಿಗೆ ಧೈರ್ಯ ಸಾಲದೆಯೇ ಮೂರು ವಾರ ತಡವಾದದ್ದು.

ನನ್ನ ಮಗನಿಗೆ ಇನ್ನೊಬ್ಬಳಿದ್ದಾಳೆಂದು ನಿನಗೆ ತಿಳಿದ ದಿನ ನೀನು ಅಡುಗೆಮನೆಯ ನೆಲದ ಮೇಲೆ ಕೂತು, “ಅತ್ತೆ, ನಿಮಗೆ ಗೊತ್ತಿತ್ತಾ?” ಎಂದು ಕೇಳಿದೆ. “ಇಲ್ಲ ಕಣೇ, ನಿನ್ನಾಣೆ” ಅಂದೆ. ನೀನು ನಂಬಿ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ.

ಗೊತ್ತಿತ್ತು ಗುಬ್ಬಿ. ಐದು ತಿಂಗಳ ಮೊದಲೇ ಅವನು ನನಗೆ ಹೇಳಿದ್ದ. ಬೈದೆ, ಕೈಮುಗಿದೆ, ಇವತ್ತಲ್ಲ ನಾಳೆ ಬುದ್ಧಿ ಬರುತ್ತದೆ ಅಂದುಕೊಂಡೆ. ಆ ಐದು ತಿಂಗಳೂ ನೀನು ಮಗುವಾಗಲಿ ಎಂದು ಹೊಟ್ಟೆಗೆ ಇಂಜೆಕ್ಷನ್ನು ಚುಚ್ಚಿಸಿಕೊಳ್ಳುತ್ತಿದ್ದೆ. ಚುಚ್ಚಿದ ಜಾಗ ಕಂದಿದಾಗ ಐಸು ಬಟ್ಟೆಯಲ್ಲಿ ಸುತ್ತಿ ಒತ್ತುತ್ತಿದ್ದವಳು ನಾನು. “ಸಲ ಸಲಕ್ಕೂ ಯಾಕೆ ಅತ್ತೆ ನಿಮ್ಮ ಕಣ್ಣಲ್ಲಿ ನೀರು?” ಎಂದು ನೀನು ಕೇಳುತ್ತಿದ್ದೆ. ಆಗ ಹೇಳಿದ್ದರೆ ನಿನಗೆ ಅಷ್ಟು ಸೂಜಿಗಳಾದರೂ ತಪ್ಪುತ್ತಿದ್ದವು. ಹೇಳಲಿಲ್ಲ. ಮಗ ಕೈತಪ್ಪುತ್ತಾನೆ ಎಂದಲ್ಲ, ಅವನು ಆಗಲೇ ಹೋಗಿದ್ದ. ಹೇಳಿದರೆ ನೀನು ಹೊರಟುಹೋಗುತ್ತೀಯ ಅನ್ನುವ ಭಯ. ಕಾರಿನ ವಿಷಯದಲ್ಲಿ ನೀನು ಸುಮ್ಮನಿದ್ದದ್ದು ನನ್ನ ನೋವು ನೋಡಲಾರದೆ. ನಾನು ಸುಮ್ಮನಿದ್ದದ್ದು ನನ್ನ ಸ್ವಾರ್ಥಕ್ಕೆ.

ಕಾರಿನ ಕೀಲಿಕೈಯನ್ನು ಪೇಂಟರ ಮನೆಯಲ್ಲಿ ಕೊಟ್ಟಿದ್ದೇನೆ. ಭಾನುವಾರ ನನ್ನ ಮುಖ ನೋಡುವ ಮನಸ್ಸಿಲ್ಲದಿದ್ದರೆ ಅಲ್ಲಿಂದಲೇ ತೆಗೆದುಕೊಂಡು ಹೋಗು. ನಾನು ಕಿಟಕಿಗೂ ಬರುವುದಿಲ್ಲ, ನಿನ್ನ ತಪ್ಪೆಂದು ಒಂದು ದಿನವೂ ಅಂದುಕೊಳ್ಳುವುದಿಲ್ಲ. ಆದರೆ ಬೈಯಬೇಕು ಅನ್ನಿಸಿದರೆ, ಮನಸ್ಸು ತೀರುವಷ್ಟು ಬೈಯಬೇಕು ಅನ್ನಿಸಿದರೆ, ಅದಕ್ಕಾದರೂ ಮೆಟ್ಟಿಲು ಹತ್ತಿ ಬಾ. ಬಾಗಿಲು ತೆರೆದಿಟ್ಟಿರುತ್ತೇನೆ.